ಲಂಡನ್ ಗೋಪುರದ ರಾಜಕುಮಾರರು: ಮೂಳೆಗಳ ಡಿಎನ್‌ಎ ಪರೀಕ್ಷೆಯಿಂದ ಕೊಲೆಗಾರ ಸಿಕ್ಕಾನೆಯೇ?

ಪ್ರಶ್ನೆ

1483ರ ಬೇಸಿಗೆಯಲ್ಲಿ ಲಂಡನ್ ಗೋಪುರದೊಳಗೆ ಕಣ್ಮರೆಯಾದ ಹನ್ನೆರಡು ವರ್ಷದ ಇಂಗ್ಲೆಂಡಿನ ಬಾಲರಾಜ ಐದನೆಯ ಎಡ್ವರ್ಡ್ ಮತ್ತು ಅವನ ಒಂಬತ್ತು ವರ್ಷದ ತಮ್ಮ ರಿಚರ್ಡ್, ಇವರಿಬ್ಬರ ಪ್ರಕರಣವನ್ನು ಹವ್ಯಾಸಕ್ಕಾಗಿ ಓದುತ್ತಿದ್ದೇನೆ. 1674ರಲ್ಲಿ ಗೋಪುರದ ಮೆಟ್ಟಿಲುಗಳ ಬುಡದಲ್ಲಿ ಸಿಕ್ಕ ಇಬ್ಬರು ಮಕ್ಕಳ ಮೂಳೆಗಳು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಅಮೃತಶಿಲೆಯ ಕರಂಡಕದಲ್ಲಿವೆ. ಅವರ ಚಿಕ್ಕಪ್ಪ ಮೂರನೆಯ ರಿಚರ್ಡನ ಅಸ್ಥಿ 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕಿಂಗ್ ಜಾಗದ ಅಡಿಯಲ್ಲಿ ದೊರೆತು, ಅವನ ಡಿಎನ್‌ಎ ಈಗ ಹೋಲಿಕೆಗೆ ಲಭ್ಯವಿದೆ. ಕರಂಡಕವನ್ನು ತೆರೆಯಲು ಅನುಮತಿ ಸಿಕ್ಕರೆ, ಸಿಂಹಾಸನಕ್ಕಾಗಿ ಚಿಕ್ಕಪ್ಪನೇ ಮಕ್ಕಳನ್ನು ಕೊಲ್ಲಿಸಿದನೆಂಬ ಆರೋಪ ಇತ್ಯರ್ಥವಾಗುತ್ತದೆಯೇ? ಅಲ್ಲಿಯವರೆಗೆ ನಮ್ಮಂಥ ಹವ್ಯಾಸಿಗಳು ಯಾವ ಎಳೆಯನ್ನು ಹಿಡಿಯಬೇಕು?

ಮೊದಲ ಉತ್ತರ

ಮೂಳೆಗಳು ಯಾರವು ಎಂಬುದು ತಿಳಿದೀತು, ಕೊಂದವರು ಯಾರೆಂಬುದು ತಿಳಿಯದು. ಅದರಲ್ಲೂ ಒಂದು ತೊಡಕಿದೆ. ತಾಯಿಯಿಂದ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಈ ಮಕ್ಕಳಿಗೆ ಎಲಿಜಬೆತ್ ವುಡ್‌ವಿಲ್‌ಳಿಂದ ಬಂದದ್ದು, ಮೂರನೆಯ ರಿಚರ್ಡನಿಗೆ ಸಿಸಿಲಿ ನೆವಿಲ್‌ಳಿಂದ ಬಂದದ್ದು. ಆದ್ದರಿಂದ ಆ ಹೋಲಿಕೆಯಿಂದ ಪ್ರಯೋಜನವಿಲ್ಲ. ಅಣ್ಣನ ಮಕ್ಕಳಾದ್ದರಿಂದ, ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತು ಹೊಂದಬೇಕು, ಅದೂ ಮೂಳೆಗಳು ಗಂಡುಮಕ್ಕಳವಾಗಿದ್ದರೆ. 1933ರಲ್ಲಿ ಟ್ಯಾನರ್ ಮತ್ತು ರೈಟ್ ನಡೆಸಿದ ಪರೀಕ್ಷೆಯಲ್ಲಿ ಲಿಂಗವೂ ನಿರ್ಧಾರವಾಗಲಿಲ್ಲ. ಇವು ರಾಜಕುಮಾರರದೇ ಎಂದು ಮೊದಲೇ ಒಪ್ಪಿಕೊಂಡು ವಯಸ್ಸನ್ನು ಅಂದಾಜಿಸಿದಂತಿದೆ ಆ ವರದಿ. ಕಾಲನಿರ್ಣಯಕ್ಕೆ ರೇಡಿಯೊ ಕಾರ್ಬನ್ ವಿಧಾನ ಆಗಿನ್ನೂ ಹುಟ್ಟಿರಲಿಲ್ಲ.

ಇನ್ನೊಂದು ಮಾತು. ಮಕ್ಕಳನ್ನು ಮೆಟ್ಟಿಲಿನ ಬುಡದಲ್ಲಿ ಕಲ್ಲುಗಳ ರಾಶಿಯ ಕೆಳಗೆ ಹೂಳಲಾಯಿತು ಎಂಬ ಹದಿನಾರನೆಯ ಶತಮಾನದ ಇಂಗ್ಲಿಷ್ ಲೇಖಕ ಥಾಮಸ್ ಮೋರ್‌ನ ವಾಕ್ಯವನ್ನು 1674ರ ಪತ್ತೆಗೆ ಸಾಕ್ಷಿಯಾಗಿ ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಆ ಶವಗಳನ್ನು ಒಬ್ಬ ಪಾದ್ರಿ ಅಗೆದು ತೆಗೆದು ಬೇರೆಡೆ ಗುಟ್ಟಾಗಿ ಹೂಳಿದನೆಂದು ಅದೇ ಮೋರ್ ಮುಂದೆ ಬರೆದಿರುವುದನ್ನು ಮಾತ್ರ ಅನುಕೂಲಕ್ಕೆ ತಕ್ಕಂತೆ ಬಿಟ್ಟುಬಿಡುತ್ತಾರೆ.

ಎರಡನೆಯ ಉತ್ತರ

ಹವ್ಯಾಸಿಗಳು ಹಿಡಿಯಬೇಕಾದದ್ದು ದಾಖಲೆಗಳನ್ನು, ಅದರಲ್ಲೂ ಘಟನೆಗೆ ಹತ್ತಿರದವನ್ನು. ಆಗ ಲಂಡನ್ನಿನಲ್ಲಿದ್ದು 1483ರ ಜುಲೈನಲ್ಲಿ ಹೊರಟುಹೋದ ಇಟಲಿಯ ಡೊಮಿನಿಕ್ ಮಂಚಿನಿ ಅದೇ ವರ್ಷಾಂತ್ಯದೊಳಗೆ ಬರೆದ ವರದಿಯಿಂದ ಆರಂಭಿಸಿ. ಮಕ್ಕಳು ಕಿಟಕಿಯ ಸರಳುಗಳ ಹಿಂದೆ ದಿನದಿಂದ ದಿನಕ್ಕೆ ಅಪರೂಪವಾಗಿ, ಕೊನೆಗೆ ಕಾಣಿಸಿಕೊಳ್ಳುವುದೇ ನಿಂತುಹೋಯಿತೆಂದೂ, ಸಾವು ಎದುರಿಗಿದೆಯೆಂದು ನಂಬಿದ್ದ ಹಿರಿಯ ಹುಡುಗ ದಿನವೂ ಪಾಪನಿವೇದನೆ ಮಾಡುತ್ತಿದ್ದನೆಂದು ವೈದ್ಯನೊಬ್ಬ ಹೇಳಿದನೆಂದೂ ಅವನು ಬರೆಯುತ್ತಾನೆ. ಆದರೂ ಆ ಹುಡುಗ ಕೊಲೆಯಾದನೇ, ಆಗಿದ್ದರೆ ಹೇಗೆ ಎಂಬುದು ತನಗೆ ತಿಳಿದುಬಂದಿಲ್ಲ ಎಂದು ಸ್ಪಷ್ಟವಾಗಿ ಸೇರಿಸುತ್ತಾನೆ. ಮೋರ್ ಬರೆದದ್ದು ಸುಮಾರು ಮೂವತ್ತು ವರ್ಷಗಳ ಬಳಿಕ. ಕೊಲೆ ಮಾಡಿಸಿದವನೆಂದು ಅವನು ಹೆಸರಿಸುವ ಜೇಮ್ಸ್ ಟಿರೆಲ್ 1502ರಲ್ಲಿ ಬೇರೊಂದು ರಾಜದ್ರೋಹಕ್ಕೆ ತಲೆಕೊಟ್ಟವನು. ಅವನ ತಪ್ಪೊಪ್ಪಿಗೆಯ ಪತ್ರ ಎಲ್ಲೂ ಉಳಿದಿಲ್ಲ.

ಮೂರನೆಯ ಉತ್ತರ

ಹೊಸ ದಾಖಲೆಗಳು ಎರಡು ದಿಕ್ಕಿಗೆ ಎಳೆಯುತ್ತಿವೆ. ಮೂರನೆಯ ರಿಚರ್ಡನ ಅಸ್ಥಿಯ ಶೋಧಕ್ಕೆ ಮುಂದಾಳಾಗಿದ್ದ ಫಿಲಿಪಾ ಲ್ಯಾಂಗ್ಲಿ ಅವರ ಹವ್ಯಾಸಿ ತಂಡವು ಫ್ರಾನ್ಸಿನ ಲೀಲ್ ಪತ್ರಾಗಾರದಲ್ಲಿ ಸಿಕ್ಕ 1487ರ ರಸೀದಿಯನ್ನು 2023ರಲ್ಲಿ ಪ್ರಕಟಿಸಿತು. ಎಡ್ವರ್ಡ್ ರಾಜನ (ಈ ಮಕ್ಕಳ ತಂದೆ ನಾಲ್ಕನೆಯ ಎಡ್ವರ್ಡ್) ಮಗನಿಗೆಂದು 400 ಈಟಿಗಳನ್ನು ಖರೀದಿಸಿದ ಲೆಕ್ಕ ಅದು; ಹಾಗಾಗಿ ರಾಜಕುಮಾರ ಆಗಲೂ ಬದುಕಿದ್ದನೆಂಬುದು ತಂಡದ ವಾದ. ಆದರೆ ಗದ್ದುಗೆಯ ಹಕ್ಕುದಾರನೆಂದು ಹೇಳಿಕೊಂಡವನನ್ನು ಅವನ ಬೆಂಬಲಿಗರು ಹಾಗಲ್ಲದೆ ಇನ್ನು ಹೇಗೆ ಕರೆದಾರು?

ಇನ್ನೊಂದು ಕಡೆ, ಟಿರೆಲ್‌ನ ಹೆಂಡತಿಯ ಸೋದರಿ ಮಾರ್ಗರೆಟ್ ಕೇಪಲ್ 1516ರ ತನ್ನ ಉಯಿಲಿನಲ್ಲಿ, ಐದನೆಯ ಎಡ್ವರ್ಡನದಾಗಿದ್ದ ಸರವೊಂದನ್ನು ಮಗನಿಗೆ ಬಿಟ್ಟಿದ್ದಾಳೆ. ಆಸ್ತಿ ಹಂಚುವ ಪತ್ರದಲ್ಲಿ ಯಾರನ್ನೂ ನಂಬಿಸುವ ಗರಜು ಇರುವುದಿಲ್ಲ. ಆ ಕಾರಣಕ್ಕೆ ನನ್ನ ಮಟ್ಟಿಗೆ ಇದಕ್ಕೆ ತೂಕ ಹೆಚ್ಚು. ಹಾಗೆಂದು ಅದು ಟಿರೆಲ್‌ನ ಕೈಯಿಂದಲೇ ಬಂದಿತೆಂದು ಹೇಳಲಾಗದು, ಏಕೆಂದರೆ ಅವಳ ಗಂಡ ವಿಲಿಯಂ ಕೇಪಲ್ ಲಂಡನ್ನಿನ ಶ್ರೀಮಂತ ಬಟ್ಟೆ ವ್ಯಾಪಾರಿ, ಮೇಯರ್ ಕೂಡ ಆಗಿದ್ದವನು; ಅರಮನೆಯ ಒಡವೆ ಅಂಥವರ ಕೈಗೆ ಒತ್ತೆಯಾಗಿಯೋ ಖರೀದಿಯಿಂದಲೋ ಬರಬಹುದಿತ್ತು. ಎಳೆ ಕೇಳಿದ್ದೀರಿ: ಕೇಪಲ್ ಮನೆತನದ ಉಳಿದ ಉಯಿಲುಗಳಲ್ಲಿ ಆ ಸರದ ಹಿಂದುಮುಂದಿನ ಜಾಡನ್ನು ಹುಡುಕಿ.