ಪದಚರ್ಚೆ: ರೋಗದ 'ಪ್ರಗತಿ'ಯೋ, ರೋಗ 'ಬಲಿಯುವುದೋ'?

ಮಾನ್ಯರೇ,

ಬಳ್ಳಾರಿ, ಕೊಪ್ಪಳ ಭಾಗದ ರೋಗಿಗಳಿಗೆ ಕೊಡುವ ಒಪ್ಪಿಗೆ ಪತ್ರದ ಕನ್ನಡ ಕರಡು ಸಿದ್ಧವಾಗುತ್ತಿದೆ. ಉಗುಳಿನಲ್ಲಿರುವ ಮೈಕ್ರೊಆರ್‌ಎನ್‌ಎಗಳನ್ನು (ಯಾವ ಪ್ರೋಟೀನು ಎಷ್ಟು ತಯಾರಾಗಬೇಕೆಂದು ಹತೋಟಿಯಲ್ಲಿಡುವ, ಜೀವಕೋಶದ ಪುಟ್ಟ ಆರ್‌ಎನ್‌ಎ ತುಣುಕುಗಳು) ಅಳೆದು ಬಾಯಿ ಕ್ಯಾನ್ಸರ್ ಹೆಚ್ಚುತ್ತಿದೆಯೇ ಎಂದು ನೋಡುವ ಅಧ್ಯಯನ ಅದು. ಕರಡಿನಲ್ಲಿ 'ರೋಗ ಪ್ರಗತಿಯ ಸೂಕ್ಷ್ಮ ಆರ್‌ಎನ್‌ಎ ಗುರುತುಗಳು' ಎಂದಿದೆ. ಓದಿದವರಿಗೆ ಇದು ಸರಿಯಾಗಿ ತಿಳಿದೀತೇ?

ಉತ್ತರ:

'ಪ್ರಗತಿ'ಯನ್ನು ಮೊದಲು ತೆಗೆಯಿರಿ. ಮಗುವಿನ ಓದಿನ ಪ್ರಗತಿ, ಕಾಮಗಾರಿಯ ಪ್ರಗತಿ ಎನ್ನುವ ನಮಗೆ ಅದು ಒಳ್ಳೆಯದರ ಕಡೆಗಿನ ನಡೆ. 'ರೋಗದಲ್ಲಿ ಪ್ರಗತಿ ಕಂಡಿದೆ' ಎಂದು ಓದಿದವರು ಗುಣವಾಗುತ್ತಿದೆ ಎಂದುಕೊಂಡು ಮುಂದಿನ ತಪಾಸಣೆಗೆ ಬಾರದೆ ಉಳಿದಾರು. 'ಹರಡುವಿಕೆ'ಯೂ ಬೇಡ, ಕತ್ತಿನ ಗಂಟುಗಳಿಗೋ ಶ್ವಾಸಕೋಶಕ್ಕೋ ದಾಟುವುದಕ್ಕೆ ಆ ಮಾತು ಬೇಕು.

ನಮ್ಮ ಕಡೆ 'ಹುಣ್ಣು ಬಲಿತೈತಿ' ಅಂತಾರೆ. ಅದೇ ಸರಿ. ಗುಟ್ಕಾ, ತಂಬಾಕು ಇಟ್ಟುಕೊಳ್ಳುವ ಕೆನ್ನೆಯೊಳಗೆ ಬಿಳಿ ಮಚ್ಚೆ, ಅಲ್ಲಿಯ ಕೋಶಗಳ ವಿಕಾರ, ಆಮೇಲೆ ತಳಪದರ ಒಡೆದು ಒಳಗಿಳಿಯುವ ಗಡ್ಡೆ: ಈ ಎಲ್ಲ ಮೆಟ್ಟಿಲಿಗೂ 'ಬಲಿಯುವುದು' ಒಪ್ಪುತ್ತದೆ. ಕ್ಯಾನ್ಸರ್ ಹುಣ್ಣಿನ ಅಂಚು ಬೆರಳಿಗೆ ಗಟ್ಟಿ ಹತ್ತುವುದನ್ನೂ ಆ ಪದ ಹೇಳುತ್ತದೆ. ಆದರೆ ಕ್ರಿಯಾಪದವಾಗಿಯೇ ಇರಲಿ. 'ಬಲಿ' ಎಂದು ಮೊಟಕುಮಾಡಿದರೆ ದೇವರಿಗೆ ಕೊಡುವ ಬಲಿ ನೆನಪಾಗುತ್ತದೆ. 'ಬಲಿತ ಕ್ಯಾನ್ಸರ್' ಅಂದರೆ ಕೊನೆಯ ಹಂತವೆಂದು ಕೇಳಿಸುತ್ತದೆ. ಎಲ್ಲ ಬಿಳಿ ಮಚ್ಚೆಯೂ ಬಲಿಯುವುದಿಲ್ಲ ಎಂಬ ಸಾಲನ್ನೂ ಪಕ್ಕದಲ್ಲೇ ಬರೆಯಿರಿ.

'ಸೂಕ್ಷ್ಮ ಆರ್‌ಎನ್‌ಎ' ಓದಿದವರು ಸೂಕ್ಷ್ಮಾಣು ಎಂದೇ ತಿಳಿಯುವುದು ಸಹಜ. 'ಕಿರು ಆರ್‌ಎನ್‌ಎ' ಎಂದರೆ ಬೇರೆ ಬಗೆಯ ಸಣ್ಣ ಆರ್‌ಎನ್‌ಎಗಳೂ ಸೇರಿಕೊಳ್ಳುತ್ತವೆ. 1993ರಲ್ಲಿ ಹುಳುವೊಂದರಲ್ಲಿ ಮೊದಲು ಸಿಕ್ಕಿದ, 2024ರ ನೊಬೆಲ್ ತಂದುಕೊಟ್ಟ ಈ ಸುಮಾರು 22 ರಾಸಾಯನಿಕ 'ಅಕ್ಷರ'ಗಳ (ನ್ಯೂಕ್ಲಿಯೊಟೈಡ್) ತುಣುಕಿಗೆ ಮೈಕ್ರೊಆರ್‌ಎನ್‌ಎ ಎಂಬ ಹೆಸರೇ ಇರಲಿ.

'ಗುರುತು' ಎಂದರೆ ಮಚ್ಚೆ, ಗಾಯದ ಕಲೆ. ಬಾಯಲ್ಲಿ ಎಲ್ಲಿದೆ ಎಂದು ಕೇಳುತ್ತಾರೆ. 'ಸೂಚಕ' ವಾಸಿ. ಆದರೂ 'ಸೂಚಕ ಕಂಡುಬಂದಿದೆ' ಎಂದು ಬರೆಯಬಾರದು, ಇವು ಆರೋಗ್ಯವಂತರಲ್ಲೂ ಇರುತ್ತವೆ. ಬಾಯಿ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಮಿರ್-21, ಮಿರ್-31 ಎಂಬ ಮೈಕ್ರೊಆರ್‌ಎನ್‌ಎಗಳು ಏರುತ್ತವೆ, ಮಿರ್-375 ಇಳಿಯುತ್ತದೆ. ಹಾಗಾಗಿ 'ಮಟ್ಟ ಏರಿದೆ', 'ಮಟ್ಟ ಇಳಿದಿದೆ' ಎನ್ನಿ, ಇಂಗ್ಲಿಷಿನ 'ಎಕ್ಸ್‌ಪ್ರೆಶನ್'ಗೆ ಬಳಸುವ 'ಅಭಿವ್ಯಕ್ತಿ' ಕವಿಗಳಿಗಿರಲಿ. ನಕಲು ಮಾಡಿ ಮಾಡಿ ಪ್ರಮಾಣ ಅಳೆಯುವ ಪಿಸಿಆರ್ ಪರೀಕ್ಷೆಯ ವರದಿಯಲ್ಲಂತೂ ಇದನ್ನು ಬಿಡಿಸಿ ಹೇಳಲೇಬೇಕು: ಸಿಟಿ ಸಂಖ್ಯೆ (ಯಂತ್ರಕ್ಕೆ ಕಾಣುವಷ್ಟಾಗಲು ಬೇಕಾದ ನಕಲಿನ ಸುತ್ತುಗಳು) 1 ಇಳಿದರೆ ಪ್ರಮಾಣ ಸುಮಾರು ಎರಡರಷ್ಟಾಗಿರುತ್ತದೆ. ಬರೀ 'ಇಳಿಕೆ' ಎಂದು ಬರೆದರೆ ಅರ್ಥ ತಿರುವುಮುರುವು.

ನೀವು ಕೇಳದಿದ್ದರೂ 'ಉಗುಳು' ಬಗ್ಗೆ ಒಂದು ಮಾತು. ಕ್ಷಯದ ತಪಾಸಣೆ ಕಂಡವರು ಕೆಮ್ಮಿ ಕಫ ತೆಗೆದಾರು. 'ಒಂದು ತಾಸು ಮೊದಲಿನಿಂದ ಊಟ, ಎಲೆ ಅಡಿಕೆ, ಹಲ್ಲುಜ್ಜುವುದು ಬೇಡ. ಕೆಮ್ಮದೆ, ಬಾಯಲ್ಲಿ ತಾನಾಗಿ ಊರಿದ ನೀರನ್ನು ಕೊಳವೆಗೆ ಬಿಡಿ' ಎಂದು ಬರೆಯಿರಿ. ಒಸಡಿನ ರಕ್ತ ಬೆರೆತರೆ ಲೆಕ್ಕ ಕೆಡುತ್ತದೆ: ಕೆಂಪು ರಕ್ತಕಣಗಳಲ್ಲಿ ಮಿರ್-451, ಮಿರ್-16 ಹೇರಳ. ಮಿರ್-16ನ್ನೇ ಹೋಲಿಕೆಯ ಅಳತೆಗೋಲಾಗಿ ಇಟ್ಟುಕೊಂಡಿದ್ದರೆ, ಆ ಕಣಗಳಲ್ಲಿ ಅಷ್ಟಿಲ್ಲದ ಉಳಿದವು ಕಡಿಮೆಯಾದಂತೆ ತೋರುತ್ತವೆ.

ಕರಡಿನ ಸಾಲು ಹೀಗಿರಲಿ: 'ನಿಮ್ಮ ಬಾಯಿಯ ರೋಗ ಬಲಿಯುತ್ತಿದೆಯೇ ಎಂಬುದನ್ನು ಉಗುಳಿನಲ್ಲಿರುವ ಮೈಕ್ರೊಆರ್‌ಎನ್‌ಎಗಳ ಮಟ್ಟ ಸೂಚಿಸಬಲ್ಲದೇ ಎಂದು ಈ ಅಧ್ಯಯನ ನೋಡುತ್ತದೆ. ಇದು ಹುಣ್ಣಿನ ತುಣುಕು ತೆಗೆದು ನೋಡುವ ಬಯಾಪ್ಸಿಗೆ ಬದಲಿ ಅಲ್ಲ.'