ನ್ಯಾನೋ ಸಿಲಿಕಾ ಹಾಕಿ ಬಾವಿಯಿಂದ ಜಾಸ್ತಿ ಎಣ್ಣೆ ತೆಗೆಯೋದು ನಿಜವಾ? ನನ್ನ ಬಾಟಲಿಯಲ್ಲಂತೂ ಎಲ್ಲ ತಳ ಸೇರಿದೆ

ಕೊತ್ರೂಡ್ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಊರು ಹಾವೇರಿ, ಈಗ ಪುಣೆಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಕೊನೆಯ ವರ್ಷ. ಪ್ರಾಜೆಕ್ಟಿಗೆ ಸಿಕ್ಕಿದ್ದು ನ್ಯಾನೋ ಸಿಲಿಕಾ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣ. ಇದನ್ನು ನೀರಿಗೆ ಬೆರೆಸಿ ಬಾವಿಗೆ ಪಂಪ್ ಮಾಡಿದರೆ ಕಲ್ಲಿನೊಳಗೆ ಅಂಟಿ ಕೂತ ಕಚ್ಚಾ ಎಣ್ಣೆ ಬಿಟ್ಟುಕೊಂಡು ಬರುತ್ತದಂತೆ. ಓದುವಾಗ ಖುಷಿಯಾಗಿತ್ತು.

ಡಿಸ್ಟಿಲ್ಡ್ ವಾಟರ್‌ನಲ್ಲಿ ಎಲ್ಲ ಸರಿಯಿತ್ತು. ಅಕ್ಕಿ ತೊಳೆದ ಎರಡನೇ ನೀರಿನ ಹಾಗೆ ತೆಳ್ಳಗೆ, ಎರಡು ವಾರ ಇಟ್ಟರೂ ಏನೂ ಕೆಳಗೆ ಕೂರಲಿಲ್ಲ. ಗೈಡ್ ಸಮುದ್ರದ ನೀರಿನ ಲೆಕ್ಕದಲ್ಲಿ ಉಪ್ಪು ಹಾಕು ಅಂದರು, ಲೀಟರಿಗೆ 35 ಗ್ರಾಂ, ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ರಾತ್ರಿ ಹಾಕಿ ಹೋದೆ, ಬೆಳಿಗ್ಗೆ ನೋಡಿದರೆ ಒಡೆದ ಹಾಲು! ಮೇಲೆ ತಿಳಿ, ಕೆಳಗೆ ಬಿಳಿ ಗಸಿ. ಅದನ್ನೇ ಅಲ್ಲಾಡಿಸಿ ಒಂದೂವರೆ ಇಂಚಿನ, ಉರುಳೆಯಾಗಿ ಕೊರೆದ ಕಲ್ಲಿನ ಕೋರ್‌ಗೆ ಪಂಪ್ ಮಾಡಿದೆ (ಗೊತ್ತು, ತಪ್ಪು ಮಾಡಿದೆ), ಪ್ರೆಶರ್ ಮುಳ್ಳು ಏರುತ್ತಾ ಹೋಯಿತು, ಕೊನೆಗೆ ಪಂಪ್ ತಾನಾಗೇ ನಿಂತಿತು. ಒಂದು ಕೋರ್ ಹಾಳು.

ಈಗ ಗೈಡ್ ಜೈವಿಕ ಪಾಲಿಮರ್ ಸೇರಿಸು ಅನ್ನುತ್ತಿದ್ದಾರೆ, ಕ್ಸಾಂಥಾನ್ ಅಥವಾ ಸಿಗಡಿ ಸಿಪ್ಪೆಯಿಂದ ಮಾಡುವ ಕೈಟೋಸಾನ್. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ "ಎಣ್ಣೆ ಜಿಡ್ಡು ತಾನೇ, ಅಂಟುವಾಳಕಾಯಿ ಹಾಕು" ಅಂದರು. ನಗಬೇಡಿ, ನನಗೂ ಅದು ಯಾಕಾಗಬಾರದು ಅನ್ನಿಸಿದೆ. ಈ ಕೆಲಸ ಗೊತ್ತಿರೋರು ಯಾರಾದರೂ ಇದ್ದೀರಾ?

ಪನ್ವೇಲ್ ಅಜ್ಜ:
ತಂಗೀ, ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದವನು ನಾನು, ಸಮುದ್ರದ ಮೇಲೂ, ಲ್ಯಾಬಿನಲ್ಲೂ. ನಿನ್ನ ಬಾಟಲಿಯಲ್ಲಿ ಆಗಿದ್ದು ಎಲ್ಲರ ಬಾಟಲಿಯಲ್ಲೂ ಆಗುತ್ತದೆ. ಸಿಲಿಕಾ ಕಣಗಳ ಮೈಮೇಲೆ ಋಣ ಚಾರ್ಜ್ ಇರುತ್ತದೆ, ಅದಕ್ಕೇ ಒಂದನ್ನೊಂದು ದೂರ ತಳ್ಳಿಕೊಂಡು ತೇಲುತ್ತವೆ. ಉಪ್ಪು ಬಿದ್ದರೆ ಆ ತಳ್ಳಾಟ ಸತ್ತುಹೋಗುತ್ತದೆ. ಕ್ಯಾಲ್ಸಿಯಂ ಇನ್ನೂ ಕೆಟ್ಟದ್ದು, ಎರಡು ಕಣಗಳ ನಡುವೆ ಕೊಂಡಿ ಹಾಕಿಬಿಡುತ್ತದೆ. 15 ನ್ಯಾನೋಮೀಟರಿನ ಕಣ ಹಾಯಾಗಿ ನುಗ್ಗುವ ತೂತಿಗೆ ಸಾವಿರಾರು ಕಣಗಳ ಗಂಟು ಬಂದು ಕೂತರೆ ಬಿರಡೆ ಹಾಕಿದ ಹಾಗೆ. ನಿನ್ನ ಮುಳ್ಳು ಏರಿದ್ದು ಅದಕ್ಕೇ.

ಆದರೆ ಸುಳ್ಳಲ್ಲ ಇದು. ಬಾವಿ ತನ್ನ ಒತ್ತಡದಿಂದ ಕೊಟ್ಟಷ್ಟು ಕೊಟ್ಟು, ಆಮೇಲೆ ನೀರು ತಳ್ಳಿ ತೆಗೆದಷ್ಟು ತೆಗೆದರೂ, ಎಷ್ಟೋ ಕಡೆ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಒಳಗೇ ಉಳಿಯುತ್ತದೆ. ಎಣ್ಣೆ ಬೋಗುಣಿಗೆ ಬರೀ ನೀರು ಸುರಿದ ಹಾಗೆ. ಮುಂಬೈ ಸಮುದ್ರದೊಳಗಿನ ನಮ್ಮ ಎಣ್ಣೆ ಕ್ಷೇತ್ರ ಬಾಂಬೆ ಹೈ ನೋಡು. 1974ರಲ್ಲಿ ಸಿಕ್ಕಿತು, 1976ರಲ್ಲಿ ಎಣ್ಣೆ ಶುರು, 1984ರಿಂದ ನೀರು ತಳ್ಳುತ್ತಿದ್ದಾರೆ. ಅಲ್ಲಿರೋದು ಸುಣ್ಣಕಲ್ಲು, ಸುಣ್ಣಕಲ್ಲಿಗೆ ಸಾಮಾನ್ಯವಾಗಿ ನೀರಿಗಿಂತ ಎಣ್ಣೆ ಮೇಲೆ ಪ್ರೀತಿ. ಆ ಪ್ರೀತಿ ಬಿಡಿಸೋದೇ ನ್ಯಾನೋ ಕಣದ ಮುಖ್ಯ ಕೆಲಸ.

ಕೋರ್ ಮುಟ್ಟುವ ಮೊದಲು ಇದನ್ನು ಮಾಡು. ಸುಣ್ಣಕಲ್ಲಿನ ಬಿಲ್ಲೆಯೊಂದನ್ನು ಕಚ್ಚಾ ಎಣ್ಣೆಯಲ್ಲಿ ಮುಳುಗಿಸಿ ಓವನ್‌ನಲ್ಲಿ ಕೆಲವು ವಾರ ಬಿಡು. ತೆಗೆದು ಉಪ್ಪುನೀರಿನೊಳಗೆ ತೂಗುಹಾಕಿ, ಬಾಗಿದ ಸೂಜಿಯಿಂದ ಕೆಳಗಿನಿಂದ ಒಂದು ಎಣ್ಣೆ ಹನಿ ಬಿಡು. ಹನಿ ಕಲ್ಲಿಗೆ ದೋಸೆ ಹಿಟ್ಟಿನ ಹಾಗೆ ಹರಡಿಕೊಂಡರೆ ಕಲ್ಲು ಇನ್ನೂ ಎಣ್ಣೆಯ ಪಕ್ಷ. ನ್ಯಾನೋ ನೀರಿನಲ್ಲಿ ಇಟ್ಟಮೇಲೆ ಅದೇ ಹನಿ ಗುಂಡಗೆ ಮುದುಡಿಕೊಂಡು ನಿಂತರೆ ನಿನ್ನ ಕಣ ಕೆಲಸ ಮಾಡಿದೆ ಅಂತ ಲೆಕ್ಕ.

ಕ್ಸಾಂಥಾನ್ ಬಗ್ಗೆ ಒಂದು ಮಾತು. ಎಲೆಕೋಸಿಗೆ ಕಪ್ಪು ಕೊಳೆ ತರುವ ಕ್ಸಾಂಥೋಮೊನಾಸ್ ಬ್ಯಾಕ್ಟೀರಿಯಾ ಮಾಡುವ ಲೋಳೆ ಅದು, ಐಸ್‌ಕ್ರೀಮಿಗೂ ಹಾಕುತ್ತಾರೆ. ಉಪ್ಪಿಗೆ ಜಗ್ಗೋದಿಲ್ಲ. ಆದರೆ ಅದಕ್ಕೂ ಋಣ ಚಾರ್ಜೇ, ಸಿಲಿಕಾಗೂ ಋಣವೇ. ಅದು ಕಣವನ್ನು ಸುತ್ತಿಕೊಂಡು ಕಾಪಾಡುತ್ತದೆ ಅಂತ ನಂಬಬೇಡ, ನೀರು ಗಟ್ಟಿಯಾಗಿ ಗಂಟು ನಿಧಾನವಾಗಿ ಇಳಿಯುತ್ತದೆ ಅಷ್ಟೇ. ನಿಜವಾಗಿ ತೇಲಿಸಬೇಕಾದರೆ ಸಿಲೇನ್ (ಸಿಲಿಕಾಗೆ ಬೆಸೆದುಕೊಳ್ಳುವ ರಾಸಾಯನಿಕ) ಬಳಸಿ ಕಣದ ಮೈಗೆ ಕೂದಲು ನೆಟ್ಟ ಹಾಗೆ ಪಾಲಿಮರ್ ಎಳೆ ಕೂರಿಸಬೇಕು.

ವಾಸ್ಕೋ ಬಸು:
ಅಕ್ಕಾರೆ, ಕೈಟೋಸಾನ್ ಬೇಕಂದ್ರೆ ನಮ್ಮ ಕಡೆ ಬನ್ನಿ, ಸಿಗಡಿ ಸಿಪ್ಪೆ ಮೂಟೆಗಟ್ಟಲೆ ಬಿದ್ದಿರುತ್ತದೆ 😄 ನಾನು ಅದರ ಮೇಲೆ ಸ್ವಲ್ಪ ಕೆಲಸ ಮಾಡಿದ್ದೆ, ಎಣ್ಣೆಗಲ್ಲ, ನೀರು ಶುದ್ಧ ಮಾಡೋಕೆ. ಒಂದು ಎಚ್ಚರಿಕೆ. ಮಾಮೂಲಿ ಕೈಟೋಸಾನ್ ಆಮ್ಲದಲ್ಲಿ ಮಾತ್ರ ಕರಗುತ್ತದೆ, ನಾವು ಅಸಿಟಿಕ್ ಆ್ಯಸಿಡ್ ಹಾಕುತ್ತಿದ್ದೆವು. ನಿಮ್ಮದು ಸುಣ್ಣಕಲ್ಲಾದರೆ ಆಮ್ಲ ಕಲ್ಲಿಗೆ ತಾಗಿ ಬುಸ್ ಅಂತ ನೊರೆ ಬಂದು ಖಾಲಿ. ಆಮ್ಲ ಹೋದ ಮೇಲೆ ಕೈಟೋಸಾನ್ ಅಲ್ಲೇ ತೂತಿನೊಳಗೆ ಗಟ್ಟಿಯಾಗುತ್ತದೆ. ಇನ್ನೊಂದು ಕೋರ್ ಹಾಳು.

ಪನ್ವೇಲ್ ಅಜ್ಜ:
ಬಸು ಹೇಳಿದ್ದು ಸರಿ, ನನಗೆ ಹೊಳೆದಿರಲಿಲ್ಲ. ಸಮುದ್ರದ ನೀರಿಗೆ ಚೂರು ಆಮ್ಲ ಹಾಕಿ ಸಿಲಿಕಾ ತಳ ಸೇರದ ಹಾಗೆ ಇಡುವ ಉಪಾಯಕ್ಕೂ ಇದೇ ಕಾಟ. ಮರಳುಗಲ್ಲಿಗೆ ನಡೆದದ್ದು ಸುಣ್ಣಕಲ್ಲಿಗೆ ನಡೆಯೋಲ್ಲ.

ಡೊಂಬಿವಲಿ ಲೆಕ್ಕಿಗ:
ನಾನು ಅಕೌಂಟ್ಸ್‌ನವನು, ಸುಮ್ನೆ ಒಂದು ಲೆಕ್ಕ ಹಾಕಿದೆ. ದಿನಕ್ಕೆ ಒಂದು ಕೋಟಿ ಲೀಟರ್ ನೀರು ಕಳಿಸುತ್ತೀರಿ ಅಂದುಕೊಳ್ಳಿ. ಅದರಲ್ಲಿ ಕಣ ಶೇಕಡಾ 0.05 ಅಂದರೂ ದಿನಕ್ಕೆ 5 ಟನ್! ಅದನ್ನು ಬಾಂಬೆ ಹೈಗೆ, ದಡದಿಂದ 160 ಕಿಲೋಮೀಟರ್ ದೂರ ಹಡಗಿನಲ್ಲಿ ಒಯ್ಯಬೇಕು. ಅರ್ಧ ಕಣ ದಾರಿಯಲ್ಲೇ ಕಲ್ಲಿಗೆ ಅಂಟಿಕೊಂಡರೆ? ಪೇಪರ್ ಬರೆಯೋರು ಇದನ್ನು ಯಾಕೆ ಬರೆಯಲ್ಲ ಅಂತ ನನ್ನ ಪ್ರಶ್ನೆ.

ಪನ್ವೇಲ್ ಅಜ್ಜ:
ಒಳ್ಳೆ ಪ್ರಶ್ನೆಯೇ. ಅದಕ್ಕೇ ದಿನವೂ ಕಳಿಸೋಲ್ಲ, ಮಧ್ಯೆ ಒಂದು ಕಂತು ಕಳಿಸಿ ಹಿಂದೆ ಬರೀ ನೀರು ತಳ್ಳುತ್ತಾರೆ. ಆದರೂ ದುಬಾರಿಯೇ, ಮುಚ್ಚಿಡೋದು ಏನೂ ಇಲ್ಲ. ನೀರಿಗೆ ಹೀಗೆ ಏನಾದರೂ ಬೆರೆಸಿ ತಳ್ಳೋದು ದೇಶದಲ್ಲಿ ದೊಡ್ಡ ಮಟ್ಟದಲ್ಲಿ ನಡೆದದ್ದು ಅಂದರೆ ರಾಜಸ್ಥಾನದ ಬಾರ್ಮೇರ್‌ನ ಮಂಗಳಾ ಕ್ಷೇತ್ರ, ಅಲ್ಲಿ ಹಾಕಿದ್ದು ಸಿಂಥೆಟಿಕ್ ಪಾಲಿಮರ್, ನ್ಯಾನೋ ಅಲ್ಲ. ಅಲ್ಲಿ ಮರಳುಗಲ್ಲು, ಬಿಸಿ ಸುಮಾರು 65 ಡಿಗ್ರಿ, ನೀರಿನಲ್ಲಿ ಉಪ್ಪು ಕಡಿಮೆ, ಎಣ್ಣೆ ಮಂದ. ಮಂದ ಎಣ್ಣೆಯನ್ನು ತೆಳು ನೀರಿನಿಂದ ತಳ್ಳಿದರೆ ನೀರು ಪಕ್ಕದಿಂದ ನುಸುಳಿ ಮುಂದೆ ಓಡುತ್ತದೆ, ಅದಕ್ಕೆ ನೀರನ್ನೇ ಗಂಜಿ ಮಾಡಿದರು. ಬಾಂಬೆ ಹೈ ಎಣ್ಣೆ ತೆಳುವೇ, ಅಲ್ಲಿನ ರೋಗ ಬೇರೆ, ಔಷಧಿಯೂ ಬೇರೆ.

ತಂಗೀ, ಅಮ್ಮನ ಅಂಟುವಾಳಕಾಯಿ ನಗುವ ವಿಷಯ ಅಲ್ಲ. ಅದರ ನೊರೆಗೆ ಕಾರಣ ಸಪೋನಿನ್, ಅದು ಎಣ್ಣೆ ನೀರು ತಾಗುವ ಅಂಚಿನ ಬಿಗಿತ ಇಳಿಸುತ್ತದೆ. ಸಿಂಥೆಟಿಕ್ ಸೋಪು ಸಾವಿರ ಪಟ್ಟು ಇಳಿಸಬಲ್ಲದು, ಇದು ಅಷ್ಟು ಇಳಿಸೋಲ್ಲ. ಆದರೆ ಎಂಎಸ್ಸಿ ಪ್ರಾಜೆಕ್ಟಿಗೆ ಧಾರಾಳ ಸಾಕು.

ಕೊತ್ರೂಡ್ ಕನ್ನಡತಿ:
ಎಲ್ಲರಿಗೂ ಥ್ಯಾಂಕ್ಸ್. ಕೈಟೋಸಾನ್ ಕೈಬಿಟ್ಟೆ. ಇವತ್ತು ಮಂಡಯಿ ಮಾರುಕಟ್ಟೆಯಲ್ಲಿ ಕಾಲು ಕಿಲೋ ಅಂಟುವಾಳ ತಂದೆ, ಅಂಗಡಿಯವನಿಗೆ ಕೂದಲಿಗೆ ಅಂತಲೇ ಹೇಳಿದೆ. ಆರು ಬಾಟಲಿ ಓವನ್‌ನಲ್ಲಿವೆ: ಸಿಲಿಕಾ ಒಂದೇ, ಅಂಟುವಾಳ ಒಂದೇ, ಎರಡೂ ಸೇರಿಸಿ, ಪ್ರತಿಯೊಂದೂ ಸಿಹಿನೀರಿನಲ್ಲಿ ಒಂದು, ಉಪ್ಪುನೀರಿನಲ್ಲಿ ಒಂದು. ಅಜ್ಜಾ, ಅಂಟುವಾಳದ ಕಷಾಯ ಕಂದು ಬಣ್ಣ ಬಂದಿದೆ, ಗಸಿ ಇಳಿದರೂ ಕಾಣಿಸೋಲ್ಲ. ಫಿಲ್ಟರ್ ಮಾಡಿದರೆ ಸಾಕಾ, ಬೇರೆ ಏನಾದರೂ ಮಾಡಬೇಕಾ?