ದಸರಾ ರಜೆಗೆ ಹಂಪಿ, ಬಾದಾಮಿ: ಕಡಿಮೆ ಖರ್ಚಿನಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ

ನಾವು ಬೆಂಗಳೂರಿನವರು. ನಾನು, ನಮ್ಮ ಯಜಮಾನರು, ಅತ್ತೆ, ಎಂಟು ವರ್ಷದ ಮಗ. ದಸರಾ ರಜೆಯಲ್ಲಿ ಹಂಪಿ, ಬಾದಾಮಿ ನೋಡಿಕೊಂಡು ಬರೋಣ ಅಂತ ಆಸೆ. ಕಾರು ಮಾಡಿಕೊಂಡರೆ ಬಾಡಿಗೆಗೇ ದುಡ್ಡೆಲ್ಲ ಹೋಗುತ್ತದೆ. ಅತ್ತೆಗೆ ಮಂಡಿನೋವು ಬೇರೆ. ಎಲ್ಲಿ ಕೈ ಬಿಗಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು?

ಮೈಸೂರಿನಿಂದ:
ಕಾರು ಬೇಡವೇ ಬೇಡ ಮೇಡಂ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಗ್ಗೆ ಹೊಸಪೇಟೆಗೆ ಬರುತ್ತದೆ. ಒಂದು ರಾತ್ರಿಯ ರೂಮ್ ಬಾಡಿಗೆ ಅಲ್ಲೇ ಉಳಿಯಿತು. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ದಸರಾ ಸಮಯದಲ್ಲಿ ಅವತ್ತೇ ಕೂತು ಮಾಡಿಬಿಡಿ. ಮಗನಿಗೆ ಬರ್ತ್ ಬೇಡ ಎಂದರೆ ಅರ್ಧ ಟಿಕೆಟ್, ಬೇಕೆಂದರೆ ಪೂರ್ತಿ. ರಾತ್ರಿ ಪ್ರಯಾಣ ಅಲ್ವಾ, ಬರ್ತ್ ತೆಗೆದುಕೊಳ್ಳಿ. ನಿದ್ದೆ ಕೆಟ್ಟ ಮಗುವನ್ನು ಕಟ್ಟಿಕೊಂಡು ಹಂಪಿ ನೋಡುವುದು ಕಷ್ಟ. ಅತ್ತೆಯ ಟಿಕೆಟ್ಟನ್ನು ಬೇರೆಯಾಗಿ, ಲೋಯರ್ ಬರ್ತ್ ಕೋಟಾದಲ್ಲಿ ಮಾಡಿಸಿ. 45 ದಾಟಿದ ಹೆಂಗಸರಿಗೆ ಅದು ಇದೆ, ಆದರೆ ನಾಲ್ಕೂ ಜನರನ್ನು ಒಂದೇ ಟಿಕೆಟ್ಟಿನಲ್ಲಿ ಹಾಕಿದರೆ ಸಿಗುವುದಿಲ್ಲ.

ಹೊಸಪೇಟೆಯಿಂದ:
ನಾನು ಇಲ್ಲಿಯವನೇ. ಊರಿಗೆ ಬರುವ ನೆಂಟರಿಗೆಲ್ಲ ಹೇಳುವುದನ್ನೇ ನಿಮಗೂ ಹೇಳುತ್ತೇನೆ ಅಕ್ಕ. ರೂಮ್ ಹೊಸಪೇಟೆಯಲ್ಲೇ ಮಾಡಿ, ಬಸ್‌ಸ್ಟ್ಯಾಂಡ್ ಹತ್ತಿರ. ಹಂಪಿ ಇಲ್ಲಿಂದ 13 ಕಿಲೋಮೀಟರ್, ಬಸ್ಸು ಇದ್ದೇ ಇರುತ್ತದೆ.

ಜನ ದುಡ್ಡು ಕಳೆದುಕೊಳ್ಳುವುದು ರೂಮಿನಲ್ಲಿ ಅಲ್ಲ, ಒಳಗಿನ ಓಡಾಟದಲ್ಲಿ. ಹಂಪಿಯ ಜಾಗಗಳೆಲ್ಲ ದೂರ ದೂರ. ಒಂದೊಂದು ಗುಡಿಗೆ ಒಂದೊಂದು ಆಟೋ ಹಿಡಿದರೆ ಸಂಜೆ ಹೊತ್ತಿಗೆ ಲೆಕ್ಕ ತಪ್ಪಿಹೋಗುತ್ತದೆ. ಅತ್ತೆಯವರು ಇರುವುದರಿಂದ ಇಡೀ ದಿನಕ್ಕೆ ಒಂದೇ ಆಟೋ ಮಾತಾಡಿ. ಇಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಹತ್ತುವ ಮೊದಲೇ ಜಾಗಗಳ ಹೆಸರು ಒಂದೊಂದಾಗಿ ಹೇಳಿ: ವಿಜಯ ವಿಠ್ಠಲ, ಕಮಲ ಮಹಲ್, ಆನೆ ಲಾಯ, ಮಹಾನವಮಿ ದಿಬ್ಬ, ಉಗ್ರನರಸಿಂಹ, ಬಡವಿಲಿಂಗ. "ಎಲ್ಲಾ ತೋರಿಸ್ತೀನಿ" ಎಂಬ ಮಾತಿಗೆ ಹೂಂ ಅನ್ನಬೇಡಿ. ಕಾಯುವುದಕ್ಕೆ ಬೇರೆ ದುಡ್ಡು ಇದೆಯಾ, ಅದನ್ನೂ ಕೇಳಿ.

ಟಿಕೆಟ್ ಬೇಕಾಗುವುದು ವಿಠ್ಠಲ ಗುಡಿಗೆ ಮತ್ತು ಕಮಲ ಮಹಲ್, ಆನೆ ಲಾಯ ಇರುವ ಜನಾನಾ ಆವರಣಕ್ಕೆ. 40 ರೂಪಾಯಿ, ಆನ್‌ಲೈನ್ ಆದರೆ 35. ಅದೇ ದಿನ ಎರಡೂ ಕಡೆ ಅದೇ ಟಿಕೆಟ್ ನಡೆಯುತ್ತದೆ, ಆದ್ದರಿಂದ ಬಿಸಾಡಬೇಡಿ, ಎರಡನ್ನೂ ಒಂದೇ ದಿನ ಮುಗಿಸಿ. 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ವಿಠ್ಠಲ ಗುಡಿಯ ಹತ್ತಿರಕ್ಕೆ ಆಟೋ ಬಿಡುವುದಿಲ್ಲ, ಸುಮಾರು ಒಂದು ಕಿಲೋಮೀಟರ್ ಮೊದಲೇ ಇಳಿಯಬೇಕು. ಅಲ್ಲಿಂದ ಬ್ಯಾಟರಿ ಗಾಡಿ ಇದೆ, ಕ್ಯೂ ಬೆಳೆಯುವ ಮೊದಲು ಬೆಳಗ್ಗೆಯೇ ಹೋಗಿ. ಸಂಜೆಗೆ ಹೇಮಕೂಟ ಬೆಟ್ಟ ಇಟ್ಟುಕೊಳ್ಳಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ನನಗಂತೂ ಇಡೀ ಹಂಪಿಯಲ್ಲಿ ಅದಕ್ಕಿಂತ ಇಷ್ಟದ ಜಾಗ ಇಲ್ಲ.

ತುಮಕೂರಿನಿಂದ:
ಯಾರೂ ಶಕ್ತಿ ಯೋಜನೆ ಹೇಳಲಿಲ್ಲವಲ್ಲ! ನಿಮಗೂ ಅತ್ತೆಗೂ ಸರ್ಕಾರಿ ಬಸ್ಸು ಫ್ರೀ. ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಎರಡಕ್ಕೂ ನಡೆಯುತ್ತದೆ, ರಾಜಹಂಸ, ಸ್ಲೀಪರ್, ಎಸಿಗೆ ಇಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ಜೊತೆಗಿರಲಿ. ನಾನು, ನಮ್ಮಮ್ಮ, ತಂಗಿ ಹೀಗೇ ಉತ್ತರ ಕರ್ನಾಟಕ ಸುತ್ತಿದ್ದು. ಬಸ್ಸಿಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಅಮ್ಮನಿಗೆ ಒಂದು ಇಳಕಲ್ ಸೀರೆ ತೆಗೆದುಕೊಂಡೆವು.

ಬಾಗಲಕೋಟೆಯಿಂದ:
ಹೊಸಪೇಟೆಯಿಂದ ಗದಗ ಮೇಲೆ ಬಾದಾಮಿಗೆ ಬನ್ನಿ. ರೈಲಿನಲ್ಲಿ ಬಂದರೆ ಸ್ಟೇಷನ್ ಊರಿಂದ ಸುಮಾರು 5 ಕಿಲೋಮೀಟರ್ ಹೊರಗಿದೆ ಎಂಬುದು ನೆನಪಿರಲಿ. ಮೇಣಬಸದಿಗೆ, ಅಂದರೆ ಗುಹೆಗಳಿಗೆ, ಟಿಕೆಟ್ 25 ರೂಪಾಯಿ. ಆದರೆ ಮೆಟ್ಟಿಲು ಜಾಸ್ತಿ. ನೀವು ಮೂವರು ಹತ್ತಿ ಬನ್ನಿ, ಅತ್ತೆಯವರು ಕೆಳಗೆ ಅಗಸ್ತ್ಯತೀರ್ಥ ಕೆರೆಯ ಕಡೆ ಕೂತಿರಲಿ. ಅವರು ಆರಾಮಾಗಿ ನೋಡಬಹುದಾದದ್ದು ಪಟ್ಟದಕಲ್ಲು. ನೆಲ ಸಮ ಇದೆ, ಗುಡಿಗಳೆಲ್ಲ ಒಂದೇ ಆವರಣದಲ್ಲಿವೆ. ಅಲ್ಲಿ 40 ರೂಪಾಯಿ. ಬಾದಾಮಿಯಿಂದ 22 ಕಿಲೋಮೀಟರ್, ಬಸ್ಸಿದೆ.

ಊಟಕ್ಕೆ ಹೋಟೆಲ್ ಹುಡುಕಬೇಡಿ, ಬಾದಾಮಿ ಹತ್ತಿರದ ಬನಶಂಕರಿ ಗುಡಿಗೆ ಹೋಗಿ. ಗುಡಿ ಮುಂದೆ ನಮ್ಮ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಹೊಂಡದ ಕಟ್ಟೆ ಮೇಲೆ ಕೂತು ಉಣ್ಣಿ. ಚಟ್ನಿ ಖಾರ ಇರುತ್ತದೆ, ಮಗನಿಗೆ ಮೊಸರು ಜಾಸ್ತಿ ಹಾಕಿಸಿ.

ಮತ್ತೆ ಬೆಂಗಳೂರಿನಿಂದ, ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ. ವಾಪಸ್ ಬರಲು ಮತ್ತೆ ಹೊಸಪೇಟೆಗೆ ಹೋಗಬೇಕಾ?

ಬಾಗಲಕೋಟೆಯಿಂದ:
ಬೇಡ ರೀ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಯಿಂದಲೇ ಹತ್ತಿ, ಬೆಳಗ್ಗೆ ಬೆಂಗಳೂರು. ಹೋಗುವ ಟಿಕೆಟ್ ಮಾಡಿಸುವಾಗಲೇ ಬರುವ ದಿನದ ಬುಕಿಂಗ್ ಯಾವತ್ತು ತೆರೆಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಹಬ್ಬ ಮುಗಿಸಿ ಊರಿಂದ ಬೆಂಗಳೂರಿಗೆ ಹೊರಡುವವರೆಲ್ಲ ಅದೇ ಗಾಡಿಗೆ ಬರುತ್ತಾರೆ.